ಬಣ್ಣದ ಗುಂಡು, ಕಣ್ಣಿನ ಕಾಪು

ಹಿಂದೂಪುರದಿಂದ ಬೆಂಗಳೂರಿಗೆ ರೈಲಿನ ದಾರಿ ನೂರು ಕಿಲೋಮೀಟರಿನ ಆಸುಪಾಸು. ಕಲ್ಯಾಣದುರ್ಗದವರು ಪಾವಗಡದ ಗಡಿ ದಾಟಿ ಬಸ್ಸಿನಲ್ಲಿ ಬರುವುದಾದರೆ ದಾರಿ ಇನ್ನೂ ದೀರ್ಘ. ಈ ಎರಡೂ ಊರುಗಳ ತರುಣರು ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರನ್ನು ಸೇರಿ, ಅದರ ಹೊರವಲಯದ ವಿಹಾರತಾಣಗಳಲ್ಲಿ ಪೇಂಟ್‌ಬಾಲ್ ಎಂಬ ಆಟವನ್ನು ಕಂಡು, ಹಬ್ಬಕ್ಕೆ ಊರಿಗೆ ಮರಳುವಾಗ ಅದರ ಮಾತನ್ನೂ ಹೊತ್ತು ತರುತ್ತಾರೆ. ಆ ಮಾತು ಬಹುಮಟ್ಟಿಗೆ ಬಂದೂಕಿನ ಮಾತು: ಯಾವುದರ ನಳಿಗೆ ಉದ್ದ, ಯಾವುದು ಕ್ಷಣಕ್ಕೆ ಎಷ್ಟು ಗುಂಡು ಉಗುಳುತ್ತದೆ, ಯಾವುದರ ಬೆಲೆ ಎಷ್ಟು. ಹಿರಿಯರು ಇದನ್ನು ಕೇಳಿ ದುಡ್ಡಿದ್ದವರ ಹುಚ್ಚು ಎಂದು ಕೈಬಿಡುತ್ತಾರೆ. ಹುಡುಗರ ಹೋಲಿಕೆ ತಪ್ಪು ತುದಿಯಿಂದ ಆರಂಭವಾಗುತ್ತಿದೆ. ಹಿರಿಯರ ತಿರಸ್ಕಾರವಾದರೋ ಆರಂಭವಾಗುವ ಮೊದಲೇ ಮುಗಿದುಹೋಗಿದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಆಟದಲ್ಲಿ ಯೋಚಿಸತಕ್ಕ ಸಂಗತಿಗಳು ಸಾಕಷ್ಟಿವೆ.

ಮೊದಲನೆಯದು ಹೆಸರು. ಆಟವನ್ನು ಬಲ್ಲವರು ತಮ್ಮ ಕೈಯ ಉಪಕರಣವನ್ನು ಬಂದೂಕು ಎನ್ನುವುದಿಲ್ಲ, ಮಾರ್ಕರ್ ಎನ್ನುತ್ತಾರೆ. ಅಂದರೆ ಗುರುತು ಹಾಕುವುದು. ಇದು ಕೇವಲ ನಾಜೂಕಿನ ಮಾತಲ್ಲ, ಅದರ ಹುಟ್ಟಿನ ನೆನಪು. ಅಮೆರಿಕದ ಮಿಷಿಗನ್ ರಾಜ್ಯದ ನೆಲ್ಸನ್ ಪೇಂಟ್ ಕಂಪನಿ ಅರಣ್ಯಪಾಲಕರು ಕಡಿಯಬೇಕಾದ ಮರಗಳಿಗೆ, ದನಗಾಹಿಗಳು ತಮ್ಮ ರಾಸುಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲೆಂದು ಬಣ್ಣದ ಗುಂಡುಗಳನ್ನೂ ಅವನ್ನು ಹಾರಿಸುವ ಉಪಕರಣವನ್ನೂ ಮಾರುತ್ತಿತ್ತು. ನೆಲ್‌ಸ್ಪಾಟ್ 007 ಎಂಬ ಆ ಕೈಪಿಸ್ತೂಲನ್ನು ತಯಾರಿಸಿದ್ದು ಡೈಸಿ ಎಂಬ ಏರ್‌ಗನ್ ಕಂಪನಿ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನ್ನಿಕರ್ ಎಂಬಲ್ಲಿ 12 ಮಂದಿ ಗೆಳೆಯರು ಇದೇ ಪಿಸ್ತೂಲನ್ನು ಹಿಡಿದು ಕಾಡಿಗಿಳಿದರು. ಕಾಡಿನಲ್ಲಿ ಬದುಕಿ ಉಳಿಯುವ ಜಾಣ್ಮೆ ನಗರದವನಿಗೆ ಹೆಚ್ಚೋ ಹಳ್ಳಿಯವನಿಗೆ ಹೆಚ್ಚೋ ಎಂಬ ವಾದದಿಂದ ಹುಟ್ಟಿದ ಪಂದ್ಯವದು. ಬೇರೆ ಬೇರೆ ನೆಲೆಗಳಲ್ಲಿದ್ದ ಧ್ವಜಗಳನ್ನೆಲ್ಲ ಕಲೆಹಾಕಿ, ಯಾರ ಬಣ್ಣವೂ ಮೈಗೆ ತಾಗದಂತೆ ಹೊರಬರಬೇಕು ಎಂಬುದು ನಿಯಮ. ಗೆದ್ದವನು ರಿಚಿ ವೈಟ್ ಎಂಬ ಅರಣ್ಯವೃತ್ತಿಯ ವ್ಯಕ್ತಿ. ಆತ ಒಂದೇ ಒಂದು ಗುಂಡನ್ನೂ ಹಾರಿಸದೆ ಗೆದ್ದ ಎಂಬುದು ಈ ಆಟದ ಚರಿತ್ರೆಯ ಅತ್ಯಂತ ಸ್ವಾರಸ್ಯಕರ ಸಂಗತಿ. ಮಾರ್ಕರುಗಳ ವೇಗವನ್ನು ಹೋಲಿಸುತ್ತ ಸಂಜೆ ಕಳೆಯುವವರು ಇದನ್ನೊಮ್ಮೆ ನೆನೆಯಬೇಕು.

ರಾಸಿಗೆ ಗುರುತು ಹಾಕುವ ಉಪಕರಣ ಕಾಳಗದ ಆಟವಾಯಿತು ಎಂಬುದು ಭಾರತದ ಓದುಗನಿಗೆ ಅಪರಿಚಿತವಾದ ತಿರುವಲ್ಲ. ವ್ಯಾಸಭಾರತದ ವನಪರ್ವದಲ್ಲಿ ದುರ್ಯೋಧನ ಘೋಷಯಾತ್ರೆಗೆ ಹೊರಡಲು ಹೂಡಿದ ನೆಪ ಇದೇ: ತುರುಮಂದೆಗಳನ್ನು ಎಣಿಸಬೇಕು, ಕರುಗಳಿಗೆ ಮುದ್ರೆಯೊತ್ತಬೇಕು. ಮುದ್ರೆಯೊತ್ತಲು ಹೋದವನು ಗಂಧರ್ವರೊಡನೆ ಕಾದಿ ಸೆರೆಸಿಕ್ಕಿದ್ದು, ಪಾಂಡವರಿಂದಲೇ ಬಿಡುಗಡೆ ಪಡೆಯಬೇಕಾಗಿ ಬಂದದ್ದು ಎಲ್ಲರೂ ಬಲ್ಲ ಕಥೆ. ಇನ್ನು ಶಾಸನಗಳ ಲೋಕಕ್ಕೆ ಬಂದರೆ, ತುರುಗೋಳ್ ಎಂಬ ಒಂದೇ ಶಬ್ದದ ಸುತ್ತ ಎಷ್ಟು ವೀರಗಲ್ಲುಗಳು ನಿಂತಿವೆ! ಹಿಂದೂಪುರಕ್ಕೆ ಪಶ್ಚಿಮದಲ್ಲಿ, ಅಮರಾಪುರ ಮಂಡಲದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು. ನೊಳಂಬವಾಡಿ 32000ದ ಅರಸರ ರಾಜಧಾನಿ. ಮಡಕಶಿರ, ರೊಳ್ಳ, ಅಗಳಿಗಳಿಂದ ಕಲ್ಯಾಣದುರ್ಗದ ಬಳಿಯ ಕಂಬದೂರಿನವರೆಗಿನ ನೆಲವನ್ನು ಇಂದು ಎರಡು ಜಿಲ್ಲೆಗಳಾಗಿ, 2022ರ ನಂತರ ಶ್ರೀ ಸತ್ಯಸಾಯಿ ಮತ್ತು ಅನಂತಪುರ ಎಂದು ಹಂಚಲಾಗಿದೆಯಾದರೂ, ಅದರ ಹಳೆಯ ಚರಿತ್ರೆಯನ್ನು ಓದಲು ಕನ್ನಡ ಬೇಕು. ಒಂಬತ್ತನೆಯ ಶತಮಾನದ ಕೊನೆಯ ಸುಮಾರಿಗೆ ಬೀರಮಹೇಂದ್ರನ ವಿರುದ್ಧ ಗಂಗರ ಪರವಾಗಿ ಕಾದಿ ಮಡಿದ ನಾಗತ್ತರನ ಬೇಗೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ಬಿದ್ದ ಆ ಚಿತ್ರಣವನ್ನು ಕಂಡವರಿಗೆ ಕಾಳಗವೆಂದರೆ ಏನೆಂಬುದು ತಿಳಿಯುತ್ತದೆ. ಪೇಂಟ್‌ಬಾಲ್ ಆಡಲು ಬೆಂಗಳೂರಿಗೆ ಹೋಗುವವರು ಅರ್ಧ ದಿನವನ್ನು ಆ ಕಲ್ಲಿಗೂ ಕೊಟ್ಟರೆ ನಷ್ಟವಿಲ್ಲ. ವೀರಗಲ್ಲಿನ ವೀರ ಸತ್ತದ್ದರಿಂದಲೇ ಕಲ್ಲಾದ. ಬಣ್ಣ ತಾಗಿದವನು ಕೈಯೆತ್ತಿ ಅಂಗಣದ ಹೊರಗೆ ನಡೆದು, ಹತ್ತು ನಿಮಿಷದಲ್ಲಿ ಚಹಾ ಕುಡಿದು ಮತ್ತೆ ಒಳಗೆ ಬರುತ್ತಾನೆ. ಆಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣ ಬೇಕಿಲ್ಲ.

ಇನ್ನು ಸಲಕರಣೆಗಳ ವಿಚಾರ. ಮಾರ್ಕರುಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಪ್ರತಿ ಹೊಡೆತಕ್ಕೂ ಕೈಯಿಂದ ಹಿಂದಕ್ಕೂ ಮುಂದಕ್ಕೂ ಜಗ್ಗಬೇಕಾದ ಪಂಪ್ ಬಗೆ ಅತ್ಯಂತ ಹಳೆಯದು. ಒಂದು ಹೊಡೆತದ ಅನಿಲದ ಬಲದಿಂದಲೇ ಮುಂದಿನದಕ್ಕೆ ಸಜ್ಜಾಗುವ ಯಾಂತ್ರಿಕ ಬಗೆ ಎರಡನೆಯದು. ಟಿಪ್‌ಮನ್ 98 ಕಸ್ಟಮ್ ಇದರ ಪ್ರಸಿದ್ಧ ಮಾದರಿ. ಲೋಹದ ದೇಹ, ಕಡಿಮೆ ನಾಜೂಕು, ಧೂಳು ಕುಡಿದರೂ ನಡೆಯುವ ಸ್ವಭಾವ. ಹೀಗಾಗಿ ಬಾಡಿಗೆಯ ಅಂಗಣಗಳಿಗೆ ಇಂಥದೇ ಮೆಚ್ಚು. ಮೂರನೆಯದು ವಿದ್ಯುನ್ಮಾನದ ಬಗೆ. ಪ್ಲಾನೆಟ್ ಎಕ್ಲಿಪ್ಸ್, ಡೈ ಮುಂತಾದ ಕಂಪನಿಗಳ ಈ ಮಾರ್ಕರುಗಳಲ್ಲಿ ಪುಟ್ಟ ಬ್ಯಾಟರಿಯೊಂದು ಕವಾಟವನ್ನು ಆಳುತ್ತದೆ. ಹಗುರ, ಮೃದು, ಗುಂಡನ್ನು ನಳಿಗೆಯೊಳಗೆ ಒಡೆಯುವುದು ಅಪರೂಪ. ಬೆಲೆ ಮಾತ್ರ ಯಾಂತ್ರಿಕದ ಹಲವು ಪಟ್ಟು. ಇದು ಸೆಕೆಂಡಿಗೆ 10 ಗುಂಡು ಹಾರಿಸಿದರೆ 200 ಗುಂಡು ಹಿಡಿಯುವ ಹಾಪರ್ ಇಪ್ಪತ್ತೇ ಸೆಕೆಂಡಿನಲ್ಲಿ ಬರಿದು. ಅಂಗಣದಲ್ಲಿ ಗುಂಡುಗಳನ್ನು ಎಣಿಸಿ ಮಾರುತ್ತಾರೆ ಎಂಬುದನ್ನು ಮರೆತವರ ಜೇಬು ಅದೇ ವೇಗದಲ್ಲಿ ಖಾಲಿಯಾಗುತ್ತದೆ. ವಿದ್ಯಾರ್ಥಿವೇತನದ ಮೇಲೆ ಬದುಕುವವನಿಗೆ ಪಂಪ್ ಮಾರ್ಕರೇ ಯುಕ್ತವೆಂಬುದು ಬರೀ ಲೆಕ್ಕಾಚಾರದ ಮಾತಲ್ಲ. ಒಂದೊಂದು ಗುಂಡಿಗೂ ಒಂದೊಂದು ಯೋಚನೆ ಬೇಕಾದಾಗ ಆಟ ನಿಜವಾಗಿ ರಂಗೇರುತ್ತದೆ. ಎಲ್ಲರೂ ಒಂದೇ ಬಗೆಯ ಮಾರ್ಕರ್ ಹಿಡಿಯುವುದು ಇನ್ನೂ ಒಳ್ಳೆಯದು. ಆಗ ಗೆದ್ದವನ ಗೆಲುವು ಅವನ ತಂದೆಯ ಗೆಲುವಾಗುವುದಿಲ್ಲ.

ನಳಿಗೆ ಉದ್ದವಾದಷ್ಟೂ ಗುರಿ ನೇರ ಎಂಬ ನಂಬಿಕೆ ಹುಡುಗರಲ್ಲಿ ಬೇರೂರಿದೆ. ಅದು ತಪ್ಪು. ರೈಫಲಿನ ನಳಿಗೆಯೊಳಗಿನ ಸುರುಳಿಗೆರೆಗಳು ಗುಂಡನ್ನು ತಿರುಗಿಸಿ ನೇರಗೊಳಿಸುತ್ತವೆ. ಜೆಲಾಟಿನ್ ಕವಚದ, ಒಳಗೆ ದ್ರವ ತುಂಬಿದ ಉಂಡೆಗೆ ಆ ವಿದ್ಯೆ ತಾಗುವುದಿಲ್ಲ. 0.68 ಅಂಗುಲ, ಎಂದರೆ 17 ಮಿಲಿಮೀಟರಿಗೆ ತುಸು ಹೆಚ್ಚು ವ್ಯಾಸದ ಈ ಉಂಡೆಯ ಗುರಿ ನಿರ್ಧಾರವಾಗುವುದು ಅದರ ದುಂಡುತನದಿಂದ, ಮತ್ತು ನಳಿಗೆಯ ಒಳಸುತ್ತಿಗೆ ಅದು ಎಷ್ಟು ಸರಿಯಾಗಿ ಕೂರುತ್ತದೆ ಎಂಬುದರಿಂದ. ಅಗ್ಗದ ಗುಂಡನ್ನು ದುಬಾರಿ ಮಾರ್ಕರಿಗೆ ತುಂಬುವವನು ಹುಳುಕಾದ ಜೋಳವನ್ನು ಬೆಳ್ಳಿಯ ತಟ್ಟೆಯಲ್ಲಿ ಬಡಿಸಿದಂತೆ. ಜೆಲಾಟಿನ್ ಎಂಬುದು ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಪದಾರ್ಥ ಎಂಬುದನ್ನು ಕಟ್ಟಾ ಸಸ್ಯಾಹಾರಿಗಳು ಅರಿತಿರುವುದು ಲೇಸು. ಒಡೆದ ಗುಂಡಿನ ಸಿಡಿತ ಕೆಲವೊಮ್ಮೆ ಬಾಯಿಗೂ ಬೀಳುತ್ತದೆ. ಒಳಗಿನ ಬಣ್ಣ ಮಾತ್ರ ನೀರಿನಲ್ಲಿ ತೊಳೆದುಹೋಗುವಂಥದು.

ಅನಂತಪುರ ಸೀಮೆಯವರಿಗೆ ವಿಶೇಷವಾಗಿ ಸಲ್ಲುವ ಒಂದು ವಿಚಾರವಿದೆ, ಅದು ಬಿಸಿಲು. ಮಾರ್ಕರುಗಳನ್ನು ನಡೆಸುವುದು ಇಂಗಾಲದ ಡೈಆಕ್ಸೈಡ್ ಅಥವಾ ಒತ್ತಿ ತುಂಬಿದ ಗಾಳಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನೊಳಗೆ ಅರ್ಧ ದ್ರವವಾಗಿ ಕೂತಿರುತ್ತದೆ, ಅದರ ಒತ್ತಡ ಹವೆಯ ಉಷ್ಣತೆಯನ್ನು ಅವಲಂಬಿಸುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇದ್ದ ಒತ್ತಡ 30 ಡಿಗ್ರಿಗೆ 72ಕ್ಕೆ ಏರುತ್ತದೆ. 31 ಡಿಗ್ರಿ ದಾಟಿತೆಂದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಒತ್ತಡ ಮತ್ತೂ ಏರುತ್ತದೆ. ಏಪ್ರಿಲಿನಲ್ಲಿ 40 ಡಿಗ್ರಿ ಮುಟ್ಟುವ ಕಲ್ಯಾಣದುರ್ಗದ ಬಯಲಿನಲ್ಲಿ ಇದರ ಅರ್ಥ ಸ್ಪಷ್ಟ: ಬೆಳಗಿನ ನೆರಳಿನಲ್ಲಿ ಅಳೆದ ವೇಗ ಮಧ್ಯಾಹ್ನದ ಬಿಸಿಲಿನಲ್ಲಿ ಇರುವುದಿಲ್ಲ. ಒತ್ತಿದ ಗಾಳಿಯ ಸಿಲಿಂಡರಿಗೆ ನಿಯಂತ್ರಕವೊಂದು ಜೋಡಿಸಿದ್ದು, ಅದು ಹೊರಬಿಡುವ ಒತ್ತಡವನ್ನು ಸಮನಾಗಿರಿಸುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಯಾರಾದರೂ ಮುಂದೆ ಇಂಥ ಅಂಗಣ ಕಟ್ಟುವುದಾದರೆ ಮಾರ್ಕರಿನ ಹೆಸರಿಗಿಂತ ಮೊದಲು ವಿಚಾರಿಸಬೇಕಾದ್ದು ಗಾಳಿಯ ಬಗೆಯನ್ನು, ಮತ್ತು ಸಿಲಿಂಡರನ್ನು ಪರೀಕ್ಷೆಗೊಳಪಡಿಸಿದ ದಿನಾಂಕವನ್ನು. ಅದನ್ನು ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಬೇಕಾಗುತ್ತದೆ. ದಿನಾಂಕವನ್ನು ಸಿಲಿಂಡರಿನ ಮೇಲೆಯೇ ನಮೂದಿಸಿರುತ್ತಾರೆ. ಬಿಸಿಲು ಗುಂಡುಗಳಿಗೂ ವೈರಿ. ಕಾದ ಜೆಲಾಟಿನ್ ಮೆತ್ತಗಾಗಿ ಆಕಾರಗೆಡುತ್ತದೆ. ಒಂದು ಸಲ ಹಾಗಾದ ಪೆಟ್ಟಿಗೆಯನ್ನು ಎಸೆಯುವುದೇ ಸರಿ.

ಹೊರಬೀಳುವ ಗುಂಡಿನ ವೇಗದ ಮಿತಿ ಸೆಕೆಂಡಿಗೆ 300 ಅಡಿ. ಗಂಟೆಗೆ ಸುಮಾರು 330 ಕಿಲೋಮೀಟರ್. ಎಷ್ಟೋ ಅಂಗಣಗಳು ಇದಕ್ಕಿಂತ ಕೆಳಗಿನ ಮಿತಿಯನ್ನೇ ಇಟ್ಟುಕೊಳ್ಳುತ್ತವೆ. ಸುಮಾರು 3 ಗ್ರಾಂ ತೂಕದ ಉಂಡೆ ಆ ವೇಗದಲ್ಲಿ ತೊಡೆಗೆ ತಾಗಿದರೆ ಒಂದು ನೀಲಿಗಟ್ಟಿದ ಗುರುತು, ವಾರದ ನೋವು. ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ. ಈ ಒಂದು ವಾಕ್ಯದ ಮುಂದೆ ಮಾರ್ಕರುಗಳ ಹೋಲಿಕೆಯೆಲ್ಲ ಹಗುರವಾಗುತ್ತದೆ. ಇಷ್ಟಾಗಿಯೂ ಮಾತು ನಡೆಯುವುದು ಮಾರ್ಕರಿನ ಬಗ್ಗೆಯೇ. ಮುಖಗವಸು ಬಾಡಿಗೆಯೊಂದಿಗೆ ಸಿಕ್ಕುವ ಪುಕ್ಕಟೆ ವಸ್ತು ಎಂಬ ಭಾವನೆ. ನಿಜದಲ್ಲಿ, ಸ್ವಂತ ಹಣ ಕೊಟ್ಟು ಕೊಳ್ಳಬೇಕಾದ ಮೊದಲ ವಸ್ತು ಅದೇ. ಪೇಂಟ್‌ಬಾಲಿಗೆಂದೇ ರೂಪಿಸಿದ ಎಎಸ್‌ಟಿಎಂ ಎಫ್ 1776 ಎಂಬ ಮಾನದಂಡವಿದೆ. ಆ ಗುರುತಿಲ್ಲದ ಕನ್ನಡಕ ಎಷ್ಟು ದಪ್ಪವಿದ್ದರೂ ಈ ಆಟಕ್ಕಲ್ಲ. ಬೈಕಿನ ಹೆಲ್ಮೆಟ್ಟಿನ ಗಾಜು, ವೆಲ್ಡಿಂಗ್ ಅಂಗಡಿಯ ಕನ್ನಡಕ, ಇವು ಯಾವುವೂ ಅಲ್ಲ. ಒಳ್ಳೆಯ ಮುಖಗವಸು ಕಿವಿಯನ್ನೂ ಮುಚ್ಚುತ್ತದೆ. ಎರಡು ಪದರಗಳ ನಡುವೆ ಗಾಳಿ ಹಿಡಿದ ಗಾಜಾದರೆ ಒಳಗೆ ಮಂಜು ಕವಿಯುವುದು ಕಡಿಮೆ. ಈ ಮಂಜಿನ ವಿಷಯ ಕ್ಷುಲ್ಲಕವೆಂದು ತೋರಬಹುದು, ಅಲ್ಲವೇ ಅಲ್ಲ. ಪೇಂಟ್‌ಬಾಲಿನಲ್ಲಿ ಕಣ್ಣಿಗಾದ ಗಾಯಗಳಲ್ಲಿ ಬಹುಪಾಲು ಗವಸು ತೊಡದೆ ಇದ್ದಾಗ, ಅಥವಾ ತೊಟ್ಟದ್ದನ್ನು ತೆಗೆದಾಗ ಆದವು. ಮಂಜು ಒರೆಸಲೆಂದು ಅರೆಗಳಿಗೆ ಗವಸೆತ್ತಿದವನ ಕಣ್ಣೇ ಅಪಾಯದಲ್ಲಿರುವುದು. ಹಿಂದೂಪುರದ ಹುಡುಗ 500 ರೂಪಾಯಿ ಉಳಿಸಲೆಂದು ಮಂಜು ಕವಿಯುವ ಗವಸನ್ನು ಆರಿಸಿದರೆ ಉಳಿಸಿದ್ದು ಏನನ್ನು, ಪಣಕ್ಕಿಟ್ಟದ್ದು ಏನನ್ನು?

ಹಿಂದೂಪುರದಿಂದ 15 ಕಿಲೋಮೀಟರ್ ದೂರದ ಲೇಪಾಕ್ಷಿಗೆ ಹೋದವರಿಗೆ ಗೋಡೆಯೊಂದರ ಮೇಲಿನ ಎರಡು ಕೆಂಪು ಕಲೆಗಳನ್ನು ತೋರಿಸುತ್ತಾರೆ. ವಿಜಯನಗರದ ಅಚ್ಯುತರಾಯನ ಕಾಲದ ಅಧಿಕಾರಿ ವಿರೂಪಣ್ಣ, ಬೊಕ್ಕಸದ ಹಣವನ್ನು ದೇಗುಲಕ್ಕೆ ಸುರಿದನೆಂಬ ಆರೋಪ ಹೊತ್ತು, ಅರಸನ ಶಿಕ್ಷೆಗೆ ಕಾಯದೆ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂಬುದು ಐತಿಹ್ಯ. ಐತಿಹ್ಯವನ್ನು ಐತಿಹ್ಯವಾಗಿಯೇ ಇಟ್ಟುಕೊಳ್ಳೋಣವೆಂದರೂ, ಬಣ್ಣದ ಎರಡು ಸಿಡಿತಗಳಲ್ಲಿ ಒಂದು ಜೋಡಿ ಕಣ್ಣುಗಳನ್ನು ಕಂಡು ನಾನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ನೆನಪಿಟ್ಟುಕೊಂಡ ಊರಿನವರಿಗೆ ಕಣ್ಣಿನ ಬೆಲೆಯನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಅದೇ ದೇಗುಲದ ಮೇಲ್ಛಾವಣಿಯ ವರ್ಣಚಿತ್ರಗಳಲ್ಲಿ ಕಿರಾತಾರ್ಜುನರ ಪ್ರಸಂಗವೂ ಇದೆ. ಒಂದು ಹಂದಿ, ಎರಡು ಬಾಣ. ಮೊದಲು ತಾಗಿದ್ದು ಯಾರದು ಎಂಬ ಜಗಳ. ಪಂಪನಿಂದ ಕುಮಾರವ್ಯಾಸನವರೆಗೆ, ಅಲ್ಲಿಂದ ಬಯಲಾಟದವರೆಗೆ ಕನ್ನಡ ಈ ಜಗಳವನ್ನು ದಣಿಯದೆ ಹೇಳಿಕೊಂಡು ಬಂದಿದೆ. ಪೇಂಟ್‌ಬಾಲ್ ಅಂಗಣದ ಪ್ರತಿಯೊಂದು ವಾಗ್ವಾದವೂ ಇದರ ಪುನರಾವರ್ತನೆಯೇ: ನಿನಗೆ ತಾಗಿತು, ಇಲ್ಲ ತಾಗಲಿಲ್ಲ, ನಾನು ಮೊದಲು, ಅಲ್ಲ ನಾನು. ಗುಂಡು ಒಡೆದು ನಾಣ್ಯದಷ್ಟು ಬಣ್ಣ ಮೈಮೇಲೆ ಉಳಿದರೆ ಮಾತ್ರ ಲೆಕ್ಕ; ಒಡೆಯದೆ ಪುಟಿದರೆ ಲೆಕ್ಕವಿಲ್ಲ. ಬೆನ್ನಿಗೆ ತಾಗಿದ ಬಣ್ಣ ತಾಗಿದವನಿಗೆ ಕಾಣುವುದಿಲ್ಲ, ಹೊಡೆದವನಿಗೆ ಅನೇಕ ಸಲ ದೂರದಿಂದ ತಿಳಿಯುವುದಿಲ್ಲ. ಸದ್ದಿಲ್ಲದೆ ಬಣ್ಣವನ್ನು ಒರೆಸಿಕೊಂಡು ಆಟ ಮುಂದುವರಿಸುವುದು ಈ ಆಟದಲ್ಲಿ ಅತಿ ಹೀನವೆನಿಸಿದ ವಂಚನೆ. ತೀರ್ಪುಗಾರ ಇದ್ದರೂ, ಸೋತೆನೆಂದು ತಾನಾಗಿ ಕೈಯೆತ್ತುವವನ ಸತ್ಯವೇ ಆಟಕ್ಕೆ ಆಧಾರ.

ಓಕುಳಿಯಾಡಿದವರಿಗೆ ಇಲ್ಲಿ ಒಂದು ವೈಪರೀತ್ಯ ಕಂಡೀತು. ಓಕುಳಿಯಲ್ಲಿ ಬಣ್ಣ ತಾಗಿದವನು ಆಟದೊಳಗೆ ಬಂದಂತೆ. ಬಿಳಿಯಂಗಿಯಲ್ಲಿ ಉಳಿದವನೇ ಹೊರಗಿನವನು. ಪೇಂಟ್‌ಬಾಲಿನಲ್ಲಿ ಇದು ತಲೆಕೆಳಗು. ಎರಡರಲ್ಲಿ ಯಾವುದು ಹೆಚ್ಚು ಮಾನವೀಯ ಎಂಬ ಪ್ರಶ್ನೆಗೆ ಉತ್ತರ ಓಕುಳಿಯ ಪರವಾಗಿಯೇ ಇದ್ದೀತು. ಆದರೆ ಓಕುಳಿಯಲ್ಲಿ ಬೇಡವೆಂದವರ ಮೇಲೂ ಬಣ್ಣ ಬೀಳುತ್ತದೆ. ಹೆಣ್ಣುಮಕ್ಕಳು ಆ ದಿನ ಮನೆಯಿಂದ ಹೊರಡಲು ಅಳುಕುವ ಬೀದಿಗಳಿವೆ. ಪೇಂಟ್‌ಬಾಲ್ ಒಪ್ಪಿ ಒಳಗೆ ಬಂದವರ ನಡುವೆ, ಬಲೆ ಕಟ್ಟಿದ ಅಂಗಣದೊಳಗೆ ಮಾತ್ರ ನಡೆಯುತ್ತದೆ.

ಗಂಭೀರವಾದ ಆಕ್ಷೇಪ ಬೇರೆಯದೇ. ರಾಯಲಸೀಮೆಯ ಮುಠಾಗಳ ವೈಷಮ್ಯ, ನಾಡಬಾಂಬು, ಮಚ್ಚುಗಳ ಕಥೆಯನ್ನು ತೆಲುಗು ಸಿನಿಮಾ ಎಷ್ಟು ಉತ್ಪ್ರೇಕ್ಷಿಸಿದರೂ ಅದರ ಹಿಂದೆ ತಂದೆಯನ್ನು ಕಳೆದುಕೊಂಡ ನಿಜವಾದ ಮನೆಗಳಿವೆ. ಅಂಥ ನೆಲದ ಹುಡುಗರ ಕೈಗೆ ಬಂದೂಕಿನ ಆಟವೇಕೆ ಎಂದು ಕೇಳುವ ಹಿರಿಯರ ಮಾತು ಗೌರವಕ್ಕೆ ಅರ್ಹವಾದದ್ದು. ಇದಕ್ಕೆ ಉತ್ತರವಾಗಿ ಕರ್ನೂಲು ಜಿಲ್ಲೆಯ ಹೊಳಗುಂದ ಮಂಡಲದ ದೇವರಗಟ್ಟನ್ನು ನೋಡಬಹುದು. ವಿಜಯದಶಮಿಯ ರಾತ್ರಿ ಮಾಳಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರುಗಳ ಜನ ಕಬ್ಬಿಣದ ಬಳೆ ತೊಡಿಸಿದ ಕೋಲುಗಳಿಂದ ಬಡಿದಾಡುವ ಬನ್ನಿ ಉತ್ಸವ ಅಲ್ಲಿ ನಡೆಯುತ್ತದೆ; ತಲೆಯೊಡೆದುಕೊಂಡವರು ಪ್ರತಿವರ್ಷವೂ ಆಸ್ಪತ್ರೆ ಸೇರುತ್ತಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಪೊಲೀಸರ ಕಾವಲು, ನಿಷೇಧದ ಮಾತು ಎರಡೂ ಅದನ್ನು ನಿಲ್ಲಿಸಿಲ್ಲ. ಕಾದಾಟದ ಹಂಬಲ ಹೊರದೇಶದಿಂದ ಬಂದ ರೋಗವಲ್ಲ ಎಂಬುದಕ್ಕೆ ಇದೊಂದೇ ಸಾಕು. ಪೇಂಟ್‌ಬಾಲ್ ಆ ಹಂಬಲವನ್ನು ಇಳಿಸುತ್ತದೆಯೋ ಏರಿಸುತ್ತದೆಯೋ ಎಂಬುದರ ಬಗ್ಗೆ ಭರವಸೆಯಿಂದ ಮಾತಾಡುವವರನ್ನು ನಂಬಬಾರದು. ಆದರೆ ಅದು ಹಂಬಲಕ್ಕೆ ಒಂದು ವೇಗದ ಮಿತಿಯನ್ನೂ ಒಂದು ಮುಖಗವಸನ್ನೂ ತೊಡಿಸಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ.

ಆಕ್ಷೇಪದ ಒಂದು ಅಂಶವನ್ನು ಮಾತ್ರ ಪೂರ್ಣವಾಗಿ ಒಪ್ಪಬೇಕು. ಸೈನ್ಯದ ರೈಫಲನ್ನೇ ಹೋಲುವಂತೆ ಕಪ್ಪುಬಣ್ಣ ಬಳಿದು, ಹುಸಿ ಮ್ಯಾಗಜೀನು, ಹುಸಿ ದುರ್ಬೀನು ಜೋಡಿಸಿದ ಮಾರ್ಕರುಗಳು ಮಾರುಕಟ್ಟೆಯಲ್ಲಿವೆ. ಅವು ಆಟದ ಸೊಗಸನ್ನು ಎಳ್ಳಷ್ಟೂ ಹೆಚ್ಚಿಸುವುದಿಲ್ಲ, ತೂಕ ಹೆಚ್ಚಿಸುತ್ತವೆ. ಅಂಥದನ್ನು ಚೀಲದಲ್ಲಿಟ್ಟು ಹಿಂದೂಪುರದ ರೈಲು ಹತ್ತಿದವನು ರೈಲ್ವೆ ಪೊಲೀಸರಿಗೆ ಮಾರ್ಕರ್ ಎಂಬ ಪದದ ವ್ಯುತ್ಪತ್ತಿಯನ್ನು ವಿವರಿಸುತ್ತ ನಿಲ್ಲಬೇಕಾದೀತು. ಕೆಂಪು, ನೀಲಿ, ಹಸಿರು ಬಣ್ಣದ, ನೋಡಿದೊಡನೆ ಆಟಿಕೆಯೆಂದು ತಿಳಿಯುವ ಮಾರ್ಕರುಗಳೂ ಇವೆ. ಹೋಲಿಕೆಯ ಪಟ್ಟಿಯಲ್ಲಿ ಇದಕ್ಕೊಂದು ಅಂಕಣವಿರಲಿ. ಹಾಗೆಯೇ ಹೊಸಬರಿಗೆ, ಕಿರಿಯರಿಗೆ 0.50 ಅಂಗುಲದ ಸಣ್ಣ ಗುಂಡಿನ ಬಗೆಯೂ ಉಂಟು. ಹಗುರವಾದ್ದರಿಂದ ಪೆಟ್ಟು ಕಡಿಮೆ. ಮೊದಲ ದಿನವೇ ದೊಡ್ಡ ಗುಂಡಿನ ಪೆಟ್ಟು ತಿಂದು ಆಟವನ್ನೇ ದ್ವೇಷಿಸುವುದಕ್ಕಿಂತ ಇದು ಮೇಲು.

ಕೊನೆಯದಾಗಿ ಕನ್ನಡದ ಮಾತು. ಗಡಿಯ ಈ ಊರುಗಳಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಪರೀಕ್ಷೆಯಲ್ಲಿ ಇಂಗ್ಲಿಷ್. ಹೊಸ ಆಟವೊಂದು ಬಂದಾಗ ಅದರ ಶಬ್ದಗಳೆಲ್ಲ ಇಂಗ್ಲಿಷಿನಲ್ಲೇ ಉಳಿದರೆ ಕನ್ನಡ ಹಬ್ಬದೂಟಕ್ಕೆ ಮಾತ್ರ ಬಳಸುವ ಪಾತ್ರೆಯಾಗುತ್ತದೆ. ಹಾಗೆಂದು ಮಾರ್ಕರಿಗೆ ವರ್ಣಾಂಕನಯಂತ್ರ ಎಂದು ಹೆಸರಿಟ್ಟರೆ ಯಾರೂ ಅದನ್ನು ಕೈಗೆತ್ತಿಕೊಳ್ಳಲಾರರು. ಮಾರ್ಕರ್ ಮಾರ್ಕರೇ ಆಗಿರಲಿ. ಆದರೆ ಹಳಗನ್ನಡ ಓದುವವರ ಬಳಿ, ಬೇಟೆಯ ವರ್ಣನೆಗಳಲ್ಲಿ, ಹಳ್ಳಿಯ ಆಟಗಳಲ್ಲಿ ಬಳಸಬಹುದಾದ ಶಬ್ದಗಳ ಕಣಜವೇ ಇದೆ. ಅಡಗಿ ಕಾಯುವುದಕ್ಕೆ ಹೊಂಚು ಎಂಬ ಮಾತಿದೆ, ಬದಿಯಿಂದ ಸುತ್ತಿ ಬರುವುದಕ್ಕೆ ಬಳಸು ಎಂಬುದಿದೆ, ಜೊತೆಯವರು ಗುಂಡು ಹಾರಿಸುತ್ತ ರಕ್ಷಿಸುವುದಕ್ಕೆ ಬೆಂಗಾವಲು ಎಂಬುದಿದೆ. ಆಟ ನಿಂತಾಗ ಮಾರ್ಕರಿನ ನಳಿಗೆಯ ಬಾಯಿಗೆ ತೊಡಿಸುವ ಬಟ್ಟೆಯ ಚೀಲವೊಂದಿರುತ್ತದೆ. ಅಂಗಣದ ಹೊರಗೆ ಅದಿಲ್ಲದೆ ಮಾರ್ಕರ್ ಹಿಡಿಯಲೇಬಾರದು ಎಂಬುದು ಕಡ್ಡಾಯ ನಿಯಮ, ಆಕಸ್ಮಿಕವಾಗಿ ಹಾರಿದ ಗುಂಡು ಆ ಚೀಲದಲ್ಲೇ ಉಳಿಯಲಿ ಎಂದು. ಎಳೆಯ ಮಗುವಿನ ತಲೆಗೆ ಗಾಳಿ ತಾಗದಿರಲೆಂದು ಕಟ್ಟುವ ಕುಲಾವಿಯಂತೆಯೇ ಅದೂ ದಾರದಿಂದ ಬಿಗಿಯುವಂಥದು. ಅದನ್ನು ಕುಲಾವಿ ಎಂದೇ ಕರೆದರೆ ಮಡಕಶಿರದ ಅಜ್ಜಿಗೂ ಅದರ ಕೆಲಸ ಏನೆಂದು ಅರ್ಥವಾದೀತು.